ನಿಲ್ಲುವ ವಿದ್ಯೆ

ಕಾರು ಕೊಂಡವರನ್ನು ನಮ್ಮ ಜನ ಕೇಳುವ ಪ್ರಶ್ನೆಗಳು ಎರಡೇ: ಎಷ್ಟು ಕೊಟ್ಟಿರಿ, ಲೀಟರಿಗೆ ಎಷ್ಟು ಓಡುತ್ತದೆ. ಬೈಲಹೊಂಗಲದ ನಮ್ಮ ಓಣಿಯಲ್ಲಿ ನಾನು ಹಳೆಯದೊಂದು ಆಲ್ಟೊ ಕಾರನ್ನು ತಂದು ನಿಲ್ಲಿಸಿದಾಗ ಮೂರನೆಯ ಪ್ರಶ್ನೆ ಕೇಳಿದವರು ಒಬ್ಬರೇ. ಅವರು ಎದುರುಮನೆಯ ಕಾಕಾ. ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಮೂವತ್ತು ವರ್ಷ ಬಸ್ಸುಗಳ ಗಾಲಿ ಬಿಚ್ಚಿ ನಿವೃತ್ತರಾದವರು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಓಡೂದು ಇರಲಿ ಮಾಸ್ತರ, ನಿಲ್ಲತೈತೇನು?" ಎಂದರು.

ಆ ಪ್ರಶ್ನೆಗೆ ಅರ್ಥ ಬಂದುದು ಬನದ ಹುಣ್ಣಿಮೆಯ ಮರುವಾರ. ತಾಯಿಯವರನ್ನು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕರೆದೊಯ್ದು ಇಳಿಯುತ್ತಿದ್ದೆವು. ಹಿಂದಿನ ಸೀಟಿನಲ್ಲಿ ತಾಯಿ, ಮಗಳು, ಅವಳ ತೊಡೆಯ ಮೇಲೆ ಮೂರು ವರ್ಷದ ಮೊಮ್ಮಗಳು, ಪಕ್ಕದಲ್ಲಿ ನನ್ನಾಕೆ. ಬ್ರೇಕು ಒತ್ತಿದಾಗಲೆಲ್ಲ ಮುಂದಿನ ಗಾಲಿಯಿಂದ 'ಕಿರ್ರ್' ಎಂಬ ಸಣ್ಣ ಕೂಗು ಏಳತೊಡಗಿತು. ಮೊಮ್ಮಗಳು, "ಗಾಡಿ ಅಳಾಕತ್ತೈತಿ" ಎಂದಳು. ಕೂಸಿನ ಮಾತು ಸುಳ್ಳಲ್ಲ. ಬ್ರೇಕಿನ ಪ್ಯಾಡು ಸವೆದು ತೆಳುವಾದಾಗ ಡಿಸ್ಕಿಗೆ ತಾಗಿ ಕೂಗಲೆಂದೇ ಅದರಲ್ಲೊಂದು ತಗಡಿನ ನಾಲಿಗೆಯನ್ನು ಇಟ್ಟಿರುತ್ತಾರೆ.

ಗ್ಯಾರೇಜಿಗೆ ಕೊಟ್ಟರೆ ಅದು ಅರ್ಧ ದಿನದ ಕೆಲಸ. ಹಣ ಉಳಿಸುವ ಹಂಬಲ ನನಗಿರಲಿಲ್ಲ. ಆದರೆ ಐದು ಜೀವಗಳನ್ನು ಹೊತ್ತು ಇಳಿಯುವಾಗ ನನ್ನ ಪಾದಕ್ಕೂ ಗಾಲಿಗೂ ನಡುವೆ ಇರುವುದೇನೆಂಬುದು ನನಗೆ ಗೊತ್ತಿರಬೇಡವೇ? ಕಾಕಾ ಅವರನ್ನು ಕೇಳಿದೆ. "ರವಿವಾರ ಬರತೀನಿ. ಹಳೇ ಅಂಗಿ ಹಾಕ್ಕೋರಿ" ಎಂದರು.

ಮೊದಲ ಪಾಠ ಬ್ರೇಕಿನದಲ್ಲ, ನೆಲದ್ದು. ನಮ್ಮ ಸೀಮೆಯ ಎರೆಮಣ್ಣಿನ ಮೇಲೆ ಜಾಕು ಇಟ್ಟರೆ ಕಾರು ಏರುವ ಬದಲು ಜಾಕು ಇಳಿಯುತ್ತದೆ. ನಾನು ಅಂಗಳದ ಫರಸಿಯನ್ನು ತೋರಿಸಿದೆ. "ಒಡೀತೈತಿ" ಎಂದು ತಳ್ಳಿಹಾಕಿ, ದಪ್ಪ ಹಲಗೆಯೊಂದನ್ನು ತರಿಸಿದರು. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಕಾರನ್ನೆತ್ತಿ, ಕೆಳಗೆ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿ, ಬಿಚ್ಚಿದ ಗಾಲಿಯನ್ನೂ ಅಡಿಗೆ ತಳ್ಳಿಸಿದರು. ಬರಿಯ ಜಾಕಿನ ಭರವಸೆಯ ಮೇಲೆ ಕಾರಿನ ಕೆಳಗೆ ಕೈ ಹಾಕುವವನು ಅವರ ದೃಷ್ಟಿಯಲ್ಲಿ ಶಿಷ್ಯನಾಗಲು ಯೋಗ್ಯನಲ್ಲ. ಎರಡನೆಯ ಆಜ್ಞೆ: ಒಂದು ಬದಿ ಮುಗಿಯುವವರೆಗೆ ಇನ್ನೊಂದು ಬದಿಯನ್ನು ಬಿಚ್ಚಕೂಡದು. ಯಾವ ತುಂಡು ಎಲ್ಲಿತ್ತೆಂದು ಮರೆತರೆ ಆ ಕಡೆ ಹೋಗಿ ನೋಡಿಕೊಳ್ಳಬಹುದಷ್ಟೆ! ಇದಕ್ಕಿಂತ ಒಳ್ಳೆಯ ಪಠ್ಯಪುಸ್ತಕವನ್ನು ನಾನು ಕಂಡಿಲ್ಲ.

ಎರಡು ಬೋಲ್ಟು ಬಿಚ್ಚಿದರೆ ಕ್ಯಾಲಿಪರು ಕಳಚಿ ಬರುತ್ತದೆ. ಅದನ್ನು ರಬ್ಬರಿನ ನಳಿಕೆಗೆ ಜೋತುಬಿಡದೆ ತಂತಿಯಿಂದ ಮೇಲಕ್ಕೆ ಕಟ್ಟಬೇಕು. ಹಳೆಯ ಪ್ಯಾಡಿನಲ್ಲಿ 3 ಮಿಲಿಮೀಟರು ಕೂಡ ಉಳಿದಿರಲಿಲ್ಲ. ಅಲ್ಲಿ ಕೂತಿದ್ದ ಕಪ್ಪು ಧೂಳನ್ನು ಬಾಯಿಂದ ಊದಹೋದ ನನ್ನ ಹೆಗಲನ್ನು ಕಾಕಾ ಹಿಡಿದೆಳೆದರು. ಅದು ಪುಪ್ಪುಸಕ್ಕೆ ಕೇಡು, ಒದ್ದೆ ಅರಿವೆಯಿಂದ ಒರೆಸಬೇಕು.

ನಾನು ವಿಜ್ಞಾನದ ಮಾಸ್ತರ. ಮುಚ್ಚಿಟ್ಟ ದ್ರವದ ಒಂದೆಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲನ ನಿಯಮವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿರುವೆನೋ! ಅಂದು ಆ ನಿಯಮ ಗ್ರೀಸು ಮೆತ್ತಿಕೊಂಡು ನನ್ನ ಅಂಗೈಯಲ್ಲಿ ಕೂತಿತ್ತು. ಪಿಸ್ಟನ್ನನ್ನು ಕ್ಲಾಂಪಿನಿಂದ ಮೆಲ್ಲಗೆ ಹಿಂದಕ್ಕೆ ಒತ್ತಿದರೆ ಅತ್ತ ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ದ್ರವ ಏರುತ್ತದೆ. ಆ ದ್ರವ ಹಳೆಯ ಚಹಾದಂತೆ ಕಪ್ಪಾಗಿತ್ತು.

ಬ್ರೇಕ್ ಆಯಿಲ್ ಎಂದು ಕರೆದರೂ ಅದು ಎಣ್ಣೆಯಲ್ಲ. ಗಾಳಿಯೊಳಗಿನ ನೀರಿನ ಪಸೆಯನ್ನು ದಿನದಿನವೂ ಹೀರುವ ವಸ್ತು. ಡಾಟ್-3 ಜಾತಿಯದು ಹೊಸದಿದ್ದಾಗ 205 ಡಿಗ್ರಿಯವರೆಗೂ ಕುದಿಯದು; ನೀರು ಹೀರಿಕೊಂಡದ್ದು 140ಕ್ಕೇ ಕುದಿಯಬಹುದು. ಕುದಿದರೆ ಆವಿ, ಆವಿ ಒತ್ತಿದಷ್ಟೂ ಕುಗ್ಗುತ್ತದೆ, ಪೆಡಲು ನೆಲಕ್ಕೆ ಹತ್ತುತ್ತದೆ, ಗಾಲಿ ಮಾತ್ರ ತಿರುಗುತ್ತಲೇ ಇರುತ್ತದೆ. ಆ ರಾತ್ರಿ ಒಂದು ಲೆಕ್ಕ ಮಾಡಿದೆ. ಜನ ಸಹಿತ 1,100 ಕಿಲೋ ತೂಗುವ ಕಾರು ಬರಿಯ ಬ್ರೇಕಿನ ಮೇಲೆಯೇ 100 ಮೀಟರು ಎತ್ತರದಿಂದ ಇಳಿದರೆ ಹುಟ್ಟುವ ಶಾಖ ಸುಮಾರು 3 ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುತ್ತದೆ. ಗುಡ್ಡವನ್ನು ಕೆಳಗಿನ ಗೇರಿನಲ್ಲಿ ಇಳಿಯಬೇಕೆಂದು ಹಿರಿಯ ಡ್ರೈವರುಗಳು ಹೇಳುವುದು ಸುಮ್ಮನೆ ಅಲ್ಲ.

ಹಳೆಯ ದ್ರವವನ್ನೂ ಒಳಗಿನ ಹವೆಯನ್ನೂ ಹೊರದೂಡುವ ಕೆಲಸಕ್ಕೆ ಇಬ್ಬರು ಬೇಕು. ಕಾಕಾ ನಕ್ಕು, "ನಮ್ಮ ಬಸ್ಸಿನಾಗ ಹವಾನ ಬ್ರೇಕು, ನಿಮ್ಮ ಕಾರಿನಾಗ ಹವಾನ ವೈರಿ" ಎಂದರು. ನನ್ನಾಕೆ ಪೆಡಲಿನ ಬಳಿ ಕುಳಿತಳು. ನಾನು ಎಡಬದಿಯ ಹಿಂದಿನ ಗಾಲಿಯ ಬುಡದಲ್ಲಿ ಪಾನಾ ಹಿಡಿದು ಮಲಗಿದೆ. ಅವಳು ಒತ್ತಿ ಹಿಡಿಯಬೇಕು. ನಾನು ನಿಪ್ಪಲು ಸಡಿಲಿಸಬೇಕು. ಗುಳ್ಳೆಗಳೊಡನೆ ದ್ರವ ನಳಿಕೆಯಿಂದ ಶೀಸೆಗೆ ಇಳಿಯಬೇಕು. ನಾನು ಬಿಗಿ ಮಾಡಿದ ಮೇಲೆಯೇ ಅವಳು ಕಾಲೆತ್ತಬೇಕು. ಅರೆಗಳಿಗೆ ಮೊದಲು ಎತ್ತಿದರೆ ಹೊರಹೋದ ಹವೆ ಮರಳಿ ಒಳಗೆ. ಮೂವತ್ತೊಂದು ವರ್ಷದ ದಾಂಪತ್ಯದಲ್ಲಿ ನಾನು ಅವಳಿಗೆ "ಒತ್ತು... ಹಿಡಿ... ಬಿಡು" ಎಂದು ಅಷ್ಟೊಂದು ಆಜ್ಞೆಗಳನ್ನು ಒಮ್ಮೆಗೇ ಕೊಟ್ಟದ್ದಿಲ್ಲ, ಅವಳು ಅಷ್ಟನ್ನೂ ಪಾಲಿಸಿದ್ದಂತೂ ಇಲ್ಲವೇ ಇಲ್ಲ. ಓಣಿಯ ಕಿಟಕಿಗಳೆಲ್ಲ ತೆರೆದಿದ್ದುವು.

ಅವಳ ಬೇಸರ ಕಳೆಯಲೆಂದು ಬರ್ಥಾ ಬೆಂಜ್ ಎಂಬಾಕೆಯ ಕಥೆ ಹೇಳಿದೆ. 1888ರಲ್ಲಿ ಆ ಜರ್ಮನ್ ಹೆಣ್ಣುಮಗಳು, ಗಂಡ ಕಟ್ಟಿದ ಮೋಟಾರು ಬಂಡಿಯನ್ನು ಗಂಡನಿಗೆ ಹೇಳದೆಯೇ ಹೊರಡಿಸಿ, ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಹೋದಳು. ಇಳಿಜಾರಿನಲ್ಲಿ ಬ್ರೇಕಿನ ಕಟ್ಟಿಗೆ ಸವೆಯಲು, ಜೋಡು ಹೊಲಿಯುವವನೊಬ್ಬನಿಂದ ಅದಕ್ಕೆ ತೊಗಲು ಹೊಡೆಸಿದಳಂತೆ. ಇಂದಿನ ಬ್ರೇಕ್ ಪ್ಯಾಡಿನ ಮೂಲಪುರುಷ ಆ ತೊಗಲಿನ ತುಂಡೇ. ಕಥೆ ಕೇಳಿದ ನನ್ನಾಕೆ, "ಗಂಡಗ ಹೇಳಲಾರದ ಹೋದ್ಲಾ?" ಎಂಬುದೊಂದನ್ನೇ ಎರಡು ಸಲ ಕೇಳಿದಳು.

ಗಾಲಿ ಏರಿಸಿದ ಮೇಲೂ ಕಾಕಾ ಕಾರನ್ನು ಕದಲಿಸಗೊಡಲಿಲ್ಲ. ಹಿಂದಕ್ಕೆ ಒತ್ತಿದ ಪಿಸ್ಟನ್ನು ಮರಳಿ ಪ್ಯಾಡಿಗೆ ಬಂದು ತಾಗುವವರೆಗೆ ಮೊದಲ ಕೆಲವು ಒತ್ತುಗಳಿಗೆ ಪೆಡಲು ಸತ್ತಂತೆ ಕೆಳಗಿಳಿಯುತ್ತದೆ. ಅದು ಗಟ್ಟಿಯಾಗುವವರೆಗೆ ನಿಂತಲ್ಲೇ ಒತ್ತುತ್ತಿರಬೇಕು. ಮಾಸ್ಟರ್ ಸಿಲಿಂಡರಿನ ವಿಷಯ ಕೇಳಿದ್ದಕ್ಕೆ, "ಅದು ಮಿಸ್ತ್ರಿ ಕೆಲಸ. ನಿಮ್ಮ ಕೈ ಎಲ್ಲೀತನಕ ಅಂಬೂದೂ ತಿಳೀಬೇಕು" ಎಂದರು. ನನಗೂ ಅದು ಸರಿಯೆನಿಸಿತು.

"ಮೊದಲ ನೀವೊಬ್ಬರ ಹೋಗಿ ಬರ್ರಿ" ಎಂಬುದು ನನ್ನಾಕೆಯ ಷರತ್ತು. ಚೆನ್ನಮ್ಮನ ಸಮಾಧಿಯಿರುವ ನಮ್ಮೂರಿನಿಂದ ಅವಳ ಕೋಟೆಯಿರುವ ಕಿತ್ತೂರಿಗೆ ನಸುಕಿನಲ್ಲಿ ಒಬ್ಬನೇ ಹೊರಟೆ. ಬಯಲು ದಾರಿಯಲ್ಲಿ 20ರ ವೇಗ, 30, ಆಮೇಲೆ 40. ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. ಮರಳುವಾಗ ಎರಡು ಟ್ರೇಲರು ಕಬ್ಬು ಹೇರಿದ, ಹಿಂದೊಂದು ಕೆಂಪುದೀಪವೂ ಇಲ್ಲದ ಟ್ರ್ಯಾಕ್ಟರು ತಟ್ಟನೆ ನಿಂತಿತು. ನನ್ನ ಕಾರೂ ನಿಂತಿತು; ಕಬ್ಬಿನ ತುದಿಗೂ ಗಾಜಿಗೂ ನಡುವೆ ಒಬ್ಬ ಮನುಷ್ಯ ದಾಟಬಹುದಾದಷ್ಟು ತೆರಪು. ಕೆಲ ಹೊತ್ತು ಸ್ಟೇರಿಂಗಿನಿಂದ ಕೈ ತೆಗೆಯಲು ಆಗಲಿಲ್ಲ. ಮನೆಯಲ್ಲಿ ಇದನ್ನು ಹೇಳಿಲ್ಲ. ಇದು ಅಚ್ಚಾದರೆ ಓದಿಯೇ ತಿಳಿದಾರು.

ಮುಂದಿನ ತಿಂಗಳು ರಾಮದುರ್ಗದಲ್ಲಿ ಮದುವೆ. ಸವದತ್ತಿಯ ಮೇಲೆಯೇ ಹೋಗುವುದರಿಂದ ಗುಡ್ಡ ಏರಿ ಇಳಿದೇ ಹೋಗೋಣವೆಂದು ತಾಯಿಯವರ ಹಟ. ಹಿಂದಿನ ಗಾಲಿಯ ಡ್ರಮ್ಮುಗಳನ್ನು ಅದಕ್ಕೂ ಮೊದಲು ಬಿಚ್ಚಿ ನೋಡುವುದಿದೆ. ಕಾಕಾ ರವಿವಾರಕ್ಕೆ ಒಪ್ಪಿದ್ದಾರೆ. ಈ ಸಲ ಪಾನಾ ತನ್ನ ಕೈಯಲ್ಲಿರಬೇಕು, ಪೆಡಲಿಗೆ ನಾನು ಕೂಡಬೇಕು ಎಂದು ನನ್ನಾಕೆ ಈಗಲೇ ತಿಳಿಸಿದ್ದಾಳೆ.