ಅತ್ತೆ ಹೆಸರಿಗೆ ಬಂದ ಜಾವಾ, ಕರೀ ನಂಬರ್ ಪ್ಲೇಟು

2024ರಲ್ಲಿ ಮೈಸೂರಲ್ಲಿ "ಊಟ ಆಯ್ತಾ?" ಅನ್ನೋದಕ್ಕಿಂತ ಜಾಸ್ತಿ ಜನ ಕೇಳಿದ್ದು "ಎಚ್‌ಎಸ್‌ಆರ್‌ಪಿ ಹಾಕಿಸಿದ್ರಾ?" ಅಂತಾನೇ ಇರ್ಬೇಕು. 2019ರ ಏಪ್ರಿಲ್ 1ಕ್ಕೆ ಮುಂಚೆ ರಿಜಿಸ್ಟ್ರೇಷನ್ ಆದ ಗಾಡಿಗಳಿಗೆಲ್ಲ ಹೊಸ ಅಲ್ಯೂಮಿನಿಯಂ ಪ್ಲೇಟು ಬೇಕು ಅಂದ್ರು. ಮೊದಲು 2023ರ ನವೆಂಬರ್ 17 ಕಡೇ ದಿನ, ಆಮೇಲೆ 2024ರ ಫೆಬ್ರವರಿ 17, ಆಮೇಲೆ ಮೇ 31. ನಮ್ಮ ಬೀದೀಲಿ ಗಡುವು ಮುಂದಕ್ಕೆ ಹೋದಾಗೆಲ್ಲ ಹಾಕಿಸಿಕೊಂಡವರು ಪೆಚ್ಚು, ಹಾಕಿಸದೇ ಇದ್ದವರು ಜಾಣರು. ನನ್ನ ಸ್ಕೂಟಿಗೂ ಕಾರಿಗೂ ಬೇಗ ಆಗೋಯ್ತು. ಉಳಿದಿದ್ದು ಹಿತ್ತಲ ಶೆಡ್‌ನಲ್ಲಿ ಹಳೇ ಕಾಟನ್ ಸೀರೆ ಹೊದ್ದುಕೊಂಡು ನಿಂತಿರೋ ಮಾವನೋರ ಜಾವಾ.

ಮೈಸೂರಿನೋರಿಗೆ ಜಾವಾ ಅಂದ್ರೆ ಏನು ಅಂತ ನಾನು ಹೇಳ್ಬೇಕಾಗಿಲ್ಲ. ಹೊರಗೆ ಮದುವೆಯಾಗಿ ಹೋಗಿರೋ ನಮ್ಮ ಹುಡುಗೀರ ಮಕ್ಕಳಿಗೋಸ್ಕರ ಎರಡು ಮಾತು. ಯಾದವಗಿರೀಲಿ ಐಡಿಯಲ್ ಜಾವಾ ಫ್ಯಾಕ್ಟರಿ ಇತ್ತು. ಪಾರ್ಸಿ ಮನೆತನದ ಫಾರೂಕ್ ಇರಾನಿ, ರುಸ್ತುಂ ಇರಾನಿ ಶುರು ಮಾಡಿದ್ದು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರೇ ಬಂದು ಉದ್ಘಾಟನೆ ಮಾಡಿದ್ರು. ಚೆಕೊಸ್ಲೊವಾಕಿಯಾದ ಗಾಡಿ ನಮ್ಮೂರಲ್ಲಿ ತಯಾರಾಗ್ತಿತ್ತು. 1973ರಲ್ಲಿ ಜಾವಾ ಹೋಗಿ ಯೆಜ್ಡಿ ಅಂತ ಹೆಸರಾಯ್ತು. ಅದೇ ವರ್ಷ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಹೋಗಿ ಕರ್ನಾಟಕ ಆಯ್ತು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ಈಗ್ಲೂ ಸಾಯಂಕಾಲ ದೂರದಲ್ಲೆಲ್ಲೋ ಆ ಡಬ್‌ಡಬ್ ಸದ್ದು ಕೇಳುದ್ರೆ ನಮ್ಮತ್ತೆ ಕತ್ತು ಎತ್ತಿ ನೋಡ್ತಾರೆ.

ಮಾವನೋರು ಹೈಸ್ಕೂಲ್ ಮೇಷ್ಟ್ರು. 1969ರಲ್ಲಿ ಸೊಸೈಟಿ ಸಾಲ ಮಾಡಿ ಹೊಸದೇ ತಗೊಂಡ್ರು, ಮಾರನೇ ವರ್ಷ ಮದುವೆ. ಅತ್ತೆ ಹೇಳೋ ಪ್ರಕಾರ ಅವರು ಮೊದಲು ಕಂಡಿದ್ದು ಗಂಡನ್ನಲ್ಲ, ಗಾಡೀನ. ನಂಬರು 'ಎಂ ವೈ' ಅಂತ ಶುರುವಾಗುತ್ತೆ, ಮೈಸೂರು ರಾಜ್ಯದ್ದು. ಅಂಕಿ ಕೂಡಿದ್ರೆ ಒಂಬತ್ತು. ಈಗಿನ 'ಕೆಎ 09' 'ಕೆಎ 55' ಎಲ್ಲ 1988ರ ಮೋಟಾರು ವಾಹನ ಕಾಯ್ದೆ ಮುಂದಿನ ವರ್ಷ ಜಾರಿಗೆ ಬಂದಮೇಲೆ ಬಂದಿದ್ದು. ಹಳೇ ಗಾಡಿಗಳಿಗೆ ಹಳೇ ನಂಬರೇ ಉಳೀತು. ಮಾವನೋರು 2019ರಲ್ಲಿ ತಾವೇ ಹೋಗಿ ಐದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಿದ್ರು. 2020ರಲ್ಲಿ ಹೋಗ್ಬುಟ್ರು.

ಹಂಗಾಗಿ 2024ರಲ್ಲಿ ಮೂರೂ ಒಟ್ಟಿಗೆ ತಲೆ ಮೇಲೆ ಬಂತು. ಆರ್‌ಸಿ ಮುಗೀತಾ ಇತ್ತು, ಅದು ಇನ್ನೂ ಮಾವನೋರ ಹೆಸರಲ್ಲೇ ಇತ್ತು, ಹೊಸ ಪ್ಲೇಟು ಬೇರೆ.

ನಮ್ಮ ಮೈದುನ ಮಾರ್ಬಿಡೋಣ ಅಂದ. ಬೆಂಗಳೂರಿನವರೊಬ್ಬರು ಹಳೇ ನಂಬರ್ ಇದ್ರೆ, ಪೇಪರ್ ಸರಿ ಇದ್ರೆ ಒಳ್ಳೇ ಬೆಲೆ ಕೊಡ್ತೀನಿ ಅಂತ ಎರಡು ಸಲ ಫೋನ್ ಮಾಡಿದ್ರು. ಮೈದುನಂದೂ ತಪ್ಪಿಲ್ಲ. ಮಗಳ ಫೀಸ್ ಕಟ್ಟೋ ಕಾಲ ಅವನಿಗೆ. ನಮ್ಮೆಜಮಾನ್ರು ಬೇಡ ಅಂದ್ರು, ಆದ್ರೆ ದೊಡ್ಡ ದನಿ ತೆಗೀಲಿಲ್ಲ. ಹದಿನೈದು ದಿನ ಅಣ್ಣತಮ್ಮ ಫೋನಲ್ಲಿ ಬರೀ ಹವಾಮಾನ ಮಾತಾಡ್ಕೊಂಡ್ರು. ಅತ್ತೆ ಒಂದು ದಿನ ಅವರೆಕಾಯಿ ಬಿಡಿಸ್ತಾ ನನ್ನ ಕೇಳಿದ್ರು: "ಅಲ್ವೇ, ಅದು ಯಾರ ಹೆಸರಿಗೆ ಬರ್ಬೇಕು ಅಂತ ಯಾರೂ ನನ್ನ ಕೇಳ್ಲೇ ಇಲ್ವಲ್ಲ?"

ನಿಜವಾಗ್ಲೂ ಯಾರಿಗೂ ಹೊಳ್ದೇ ಇರ್ಲಿಲ್ಲ. ಎಪ್ಪತ್ತೆಂಟು ವರ್ಷದವರು, ಸೈಕಲ್ಲೂ ತುಳಿದವರಲ್ಲ. ಆದ್ರೆ ಗಾಡಿ ಹೊಡೆಯೋಕೆ ಲೈಸೆನ್ಸ್ ಬೇಕು, ಗಾಡಿ ಇಟ್ಟುಕೊಳ್ಳೋಕೆ ಬೇಡ. ಇದು ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತೋ. ಮನೆ ಯಜಮಾನ್ರು ಹೋದ್ರೆ ಗಾಡಿ ತಾನಾಗೇ ಮಗನದ್ದು ಅಂದ್ಕೋತೀವಿ. ವಾರಸುದಾರರಿಗೆ ವರ್ಗ ಮಾಡೋ ಅರ್ಜಿಗೆ ಫಾರಂ 31 ಅಂತಾರೆ. ಮರಣ ಪ್ರಮಾಣ ಪತ್ರ, ಆರ್‌ಸಿ, ಇನ್ಶೂರೆನ್ಸು, ಆಮೇಲೆ ಉಳಿದ ಮಕ್ಕಳೆಲ್ಲ ನಮ್ಮ ಅಭ್ಯಂತರ ಇಲ್ಲ ಅಂತ ಬರೆದುಕೊಡೋ ಅಫಿಡವಿಟ್ಟು. ಹಾಸನದಿಂದ ನಾದಿನಿ ಬಂದು ಸಹಿ ಹಾಕಿದ್ಲು. ಮೈದುನ ಕೊನೇಲಿ ಬಂದ. ಪೆನ್ ಹಿಡ್ಕೊಂಡು ಸ್ವಲ್ಪ ಹೊತ್ತು ಕೂತ. ಅತ್ತೆ "ನಿನ್ನ ಮಗಳ ಫೀಸಿಗೆ ನನ್ನ ಬಳೆ ಇದೆ ಕಣೋ, ಗಾಡಿ ಮುಟ್ಟಬೇಡ" ಅಂದ್ರು. ಸಹಿ ಹಾಕಿ ಕಾಫಿ ಕುಡಿದೇ ಹೋದ. ಬಳೇನ ಈಸ್ಕೊಳ್ಳಲಿಲ್ಲ.

ಅಷ್ಟರಲ್ಲಿ ನನ್ನ ಮಗ ಫೋನಲ್ಲಿ ಹುಡುಕಿ, ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ರಿಜಿಸ್ಟ್ರೇಷನ್ ಇದೆ, ಅದನ್ನೇ ಮಾಡ್ಸೋಣ ಅಂದ. ನೆಂಟರಲ್ಲಿ ತುಂಬ ಜನ ಇದನ್ನೇ ಕೇಳಿದ್ರಿ, ಅದಕ್ಕೆ ಬರೀತಿದ್ದೀನಿ. 2021ರಲ್ಲಿ ಕೇಂದ್ರ ಸರ್ಕಾರ ಈ ನಿಯಮ ತಂತು. ಮೊದಲ ರಿಜಿಸ್ಟ್ರೇಷನ್ ಆಗಿ ಐವತ್ತು ವರ್ಷ ಆಗಿರ್ಬೇಕು, ಗಾಡಿ ಮೂಲ ರೂಪದಲ್ಲೇ ಇರ್ಬೇಕು. ಹೊಸದಾಗಿ ನೋಂದಣಿ ಆಗೋದಕ್ಕೆ ರಾಜ್ಯದ ಅಕ್ಷರದ ಮುಂದೆ 'ವಿಎ' ಅಂತ ಬರೋ ನಂಬರು ಕೊಡ್ತಾರೆ, ಮೊದಲೇ ನೋಂದಣಿ ಆಗಿರೋದು ಹಳೇ ನಂಬರ್ ಉಳಿಸಿಕೋಬೋದು. ಶುಲ್ಕ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತೆ, ಆಮೇಲೆ ಮತ್ತೆ ಮಾಡಿಸೋಕೆ 5,000. ಇಷ್ಟೂ ಚೆನ್ನಾಗೇ ಇದೆ. ಆದ್ರೆ ಆ ಗಾಡೀನ ದಿನಾ ರಸ್ತೆಗೆ ತರೋ ಹಂಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಷ್ಟಕ್ಕೇ.

ಅತ್ತೆ ಇದನ್ನ ಕೇಳಿ, "ಹಂಗಾದ್ರೆ ದೇವರಾಜ ಮಾರ್ಕೆಟ್ಟಿಗೆ ಹೋಗಂಗಿಲ್ವಾ?" ಅಂದ್ರು. ಇಲ್ಲ ಅಜ್ಜಿ ಅಂದ. "ಮತ್ತೆ ಅದು ಗಾಡಿ ಹೆಂಗಾಗುತ್ತೋ, ಬೊಂಬೆ ಆಗುತ್ತೆ." ದಸರಾ ಗೊಂಬೆ ಸಾಲಲ್ಲಿ ಬೇಕಾದ್ರೆ ಕೂರಿಸು ಅಂತ ಬೇರೆ ಸೇರಿಸಿದ್ರು. ನನ್ನ ಅಭಿಪ್ರಾಯ ಕೇಳುದ್ರೆ, ವರ್ಷಕ್ಕೊಂದು ಸಲ ಆಚೆ ತೆಗೆಯೋ ಕಾರು ಇರೋರಿಗೆ ವಿಂಟೇಜು ಸರಿ. ನಮ್ಮಂಥವರ ಗಾಡಿಗೆ ಮಾಮೂಲಿ ಐದು ವರ್ಷದ ರಿನ್ಯೂಯಲ್ಲೇ ಸಾಕು. 2022ರ ಏಪ್ರಿಲ್‌ನಿಂದ ಬೈಕಿಗೆ 1,000 ರೂಪಾಯಿ ಮಾಡಿದ್ರು, 2024ರಲ್ಲಿ ನಾವು ಮಾಡಿಸಿದಾಗ ಅಷ್ಟೇ ಇತ್ತು. ಆದ್ರೂ ಇಪ್ಪತ್ತು ಸಾವಿರದ ಮುಂದೆ ಏನೂ ಅಲ್ಲ.

ಆಮೇಲೆ ಬಂತು ಚಾಸಿ ನಂಬರಿನ ಪಾಡು. ಹೊಸ ಪ್ಲೇಟಿಗೆ ಆನ್‌ಲೈನಲ್ಲಿ ಬುಕ್ ಮಾಡ್ಬೇಕಾದ್ರೆ ಚಾಸಿ, ಎಂಜಿನ್ ನಂಬರು ಕಂಪ್ಯೂಟರಲ್ಲಿ ಇರೋದಕ್ಕೆ ತಾಳೆ ಆಗ್ಬೇಕು. ನಮ್ಮದು ತಾಳೆ ಆಗ್ಲಿಲ್ಲ. ಹ್ಯಾಂಡಲ್ ಕೆಳಗೆ ಕಬ್ಬಿಣದಲ್ಲಿ ಕೊರೆದಿರೋ ನಂಬರಿನ ಮೇಲೆ ಮೂರು ಸಲ ಪೇಂಟ್ ಹೊಡ್ದಿದ್ರು. ಒಂದು ಅಂಕಿ ನಮ್ಮ ಕಣ್ಣಿಗೆ ಮೂರು, ದಾಖಲೇಲಿ ಎಂಟು. ನಮ್ಮೆಜಮಾನ್ರು ಕನ್ನಡಕ ಬದಲಾಯಿಸಿ ನೋಡಿದ್ರು, ಮಗ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದ. ನಾನು ಸೀಮೆಎಣ್ಣೆ ಬಟ್ಟೆ ಹಾಕಿ ಅರ್ಧ ದಿನ ನೆನೆಸಿ, ಹಳೇ ಟೂತ್‌ಬ್ರಷ್ಷಲ್ಲಿ ನಿಧಾನಕ್ಕೆ ಉಜ್ಜಿದೆ. ದೀಪದ ಕಂಬದ ಸಂದಿ ತಿಕ್ಕೋ ಕೈಗೆ ಇದೇನು ಕಷ್ಟ? ಆಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಸೀಸ ಉಜ್ಜಿದೆ, ಚಿಕ್ಕೋರಿದ್ದಾಗ ನಾಣ್ಯದ ಮೇಲೆ ಉಜ್ಜುತಿದ್ವಲ್ಲ ಹಂಗೇ. ಎಂಟು ಅಂತ ಎದ್ದು ಬಂತು. ಆ ಕಾಗದ ಈಗ್ಲೂ ಫೈಲಲ್ಲಿದೆ. ಗಾಡಿ ಪೇಪರ್ ಕೆಲಸಕ್ಕೆ ಇದನ್ನ ಚಾಸಿ ಪ್ರಿಂಟ್ ಅಂತ ಕೇಳ್ತಾರೆ, ಮನೇಲೇ ತೆಗೆದಿಟ್ಕೊಳ್ಳಿ.

ಇನ್ನೊಂದು ಮಾತು. ಬುಕ್ ಮಾಡೋದು ಸಾರಿಗೆ ಇಲಾಖೆ ಅಥವಾ ಸಿಯಾಮ್ ವೆಬ್‌ಸೈಟಿಂದಲೇ ಮಾಡಿ. ವಾಟ್ಸಾಪಿಗೆ ಬರೋ ಲಿಂಕು, ಕ್ಯೂಆರ್ ಕೋಡು ಮುಟ್ಟಬೇಡಿ. 2024ರಲ್ಲಿ ಬೈಕಿಗೆ ಐನೂರರ ಒಳಗೇ ಆಗ್ತಿತ್ತು.

ಈಗ ಪ್ಲೇಟಿನ ಕಥೆ. ಮೊದಲೆಲ್ಲ ಸ್ವಂತ ಗಾಡಿಗಳಿಗೆ ಕರೀ ಹಲಗೆ ಮೇಲೆ ಬಿಳೀ ಅಕ್ಷರ ಇರ್ತಿತ್ತು, ನೆನಪಿದ್ಯಾ? ಈ ಶತಮಾನದ ಶುರುವಲ್ಲಿ ಬಿಳೀ ಮೇಲೆ ಕರೀ ಮಾಡ್ಬೇಕು ಅಂದ್ರು. ಎಲ್ಲರೂ ಮಾಡಿಸಿದ್ರು, ಮಾವನೋರೂ ಮಾಡಿಸಿದ್ರು. ಹೊಸ ಪ್ಲೇಟು ಹಾಕೋಕೆ ಹಿಂದಿನದ್ದು ಬಿಚ್ಚಿದಾಗ ಮಗ ಅದನ್ನ 1969ರಲ್ಲಿ ಇದ್ದ ಹಂಗೇ ಮಾಡಿಸ್ತೀನಿ ಅಂತ ಹಠ ಹಿಡಿದ. ಶಿವರಾಂಪೇಟೆ ಕಡೆ ಸ್ಟಿಕ್ಕರ್ ಅಂಗಡಿಗಳಲ್ಲಿ ಹತ್ತು ನಿಮಿಷಕ್ಕೆ ಕತ್ತರಿಸಿ ಕೊಡ್ತೀವಿ ಅಂದ್ರು. ಕಂಪ್ಯೂಟರ್ ಅಕ್ಷರ, ಅದ್ಯಾವ ಹಳೇದು! ಕೇಳ್ತಾ ಕೇಳ್ತಾ ಒಬ್ಬ ವಯಸ್ಸಾದ ಪೇಂಟರ್ ಸಿಕ್ಕಿದ್ರು. ಈಗ ಅವರಿಗೆ ಬರೋದು ಬರೀ ಮನೆ ಹೆಸರಿನ ಬೋರ್ಡು. ಪ್ಲೇಟು ಕೈಗೆ ತಗೊಂಡು ಬೆಳಕಿಗೆ ಓರೆ ಹಿಡಿದು ನೋಡಿ, "ಅಮ್ಮಾ, ಇದರ ಕೆಳಗೆ ಇನ್ನೊಂದೈತೆ" ಅಂದ್ರು.

ನೀರು ಹಾಕ್ಕೊಂಡು ನೈಸ್ ಎಮರಿ ಪೇಪರಲ್ಲಿ ಎರಡು ದಿನ ಉಜ್ಜಿದ್ರಂತೆ. ಬಿಳೀ ಹೋಗಿ ಕರೀ ಬಂತು, ಕರೀ ಮೇಲೆ ಮಾಸಿದ ಬಿಳೀ ಅಕ್ಷರ ಬಂತು. ಬ್ರಷ್ಷಲ್ಲಿ ಬರೆದ ದುಂಡು ಅಕ್ಷರ, ನಾಲ್ಕರ ತಲೆ ಮುಚ್ಚದೇ ಬಿಟ್ಟಿರೋದು. ಮೇಲುಗಡೆ ಸಣ್ಣಕ್ಕೆ ಕನ್ನಡದಲ್ಲಿ 'ಶ್ರೀ ಚಾಮುಂಡೇಶ್ವರಿ ಪ್ರಸನ್ನ' ಅಂತ. ಅದು ಇತ್ತು ಅನ್ನೋದು ಅತ್ತೇಗೂ ಮರೆತುಹೋಗಿತ್ತು. ಈಗಿನ ನಿಯಮದಲ್ಲಿ ನಂಬರ್ ಬಿಟ್ಟು ಇನ್ನೇನೂ ಬರೆಯೋ ಹಂಗಿಲ್ಲ, ಹೆಸರೂ ಇಲ್ಲ, ಚಿತ್ರಾನೂ ಇಲ್ಲ, ಅಂಕು ಡೊಂಕು ಅಕ್ಷರಾನೂ ಇಲ್ಲ.

ಮಗ ಅದರ ಮೇಲೇ ಹೊಸ ಬಿಳೀ ಬಣ್ಣ ಬರೀಲಿ ಅಂದ. ಪೇಂಟರೂ ಬ್ರಷ್ ತೆಗೆದಿದ್ರು. ಅತ್ತೆ ಪ್ಲೇಟನ್ನ ಮಡಿಲಲ್ಲಿ ಇಟ್ಕೊಂಡು ಬೆರಳಲ್ಲಿ ಅಕ್ಷರದ ಮೇಲೆ ಸವರಿದ್ರು. "ಇದರ ಮೇಲೆ ಇನ್ಯಾರೂ ಬರೀಬೇಡಿ" ಅಂದ್ರು ಅಷ್ಟೇ. ಪೇಂಟರ್ ಒಂದು ಮಾತೂ ಆಡದೇ ಅಕ್ಷರಗಳನ್ನ ಬಟರ್ ಪೇಪರ್ ಮೇಲೆ ತೆಗೆದುಕೊಂಡು, ಬೇರೆ ತಗಡಿಗೆ ಕರೀ ಎನಾಮೆಲ್ ಎರಡು ಕೋಟ್ ಹೊಡೆದು, ಸುಣ್ಣದ ಕಡ್ಡೀಲಿ ಗೆರೆ ಹಾಕಿ ಬರೆದುಕೊಟ್ರು. ಮುಂದಿನ ಮಡ್‌ಗಾರ್ಡ್ ಮೇಲೆ ಉದ್ದಕ್ಕೆ ನಿಲ್ತಿತ್ತಲ್ಲ, ಎರಡೂ ಕಡೆ ನಂಬರ್ ಬರೆದಿರೋ ಮೀನಿನ ಬೆನ್ನಿನಂಥ ತಗಡು, ಅದು ಯಾವಾಗ್ಲೋ ಮುರಿದುಹೋಗಿತ್ತು. 1970ರಲ್ಲಿ ಕುಕ್ಕರಹಳ್ಳಿ ಕೆರೆ ಏರಿ ಹತ್ತಿರ ತೆಗೆಸಿದ ಫೋಟೋ ನೋಡ್ಕೊಂಡು ಅದನ್ನೂ ಮಾಡಿದ್ರು. ಫೋಟೋದಲ್ಲಿ ಅತ್ತೆ ಸೆರಗು ನಂಬರಿನ ಅರ್ಧ ಮುಚ್ಚಿದೆ.

ಈ ಕರೀ ಪ್ಲೇಟುಗಳು ರಸ್ತೆಗಲ್ಲ. ಜುಲೈ ಎರಡನೇ ಭಾನುವಾರ ಜಾವಾ ದಿನಕ್ಕೆ ಗಾಡಿಗಳನ್ನ ಸಾಲಾಗಿ ನಿಲ್ಲಿಸ್ತಾರಲ್ಲ, ಆಗ ನಿಂತ ಗಾಡಿಗೆ ಕಟ್ಟೋದು, ಹೊರಡೋ ಮುಂಚೆ ಬಿಚ್ಚೋದು. ರಸ್ತೆಗೆ ಇರೋದು ಸರ್ಕಾರದ್ದೇ. ಅಶೋಕ ಚಕ್ರದ ಹೊಳೆಯೋ ಹಾಲೊಗ್ರಾಮು, ನೀಲಿ ಬಣ್ಣದ 'ಐಎನ್‌ಡಿ', ಲೇಸರಲ್ಲಿ ಕೊರೆದ ಹತ್ತು ಅಂಕಿ, ಒಂದ್ಸಲ ಹಾಕಿದ್ರೆ ಬಿಚ್ಚೋಕಾಗದ ಲಾಕು. ಕಳ್ಳರಿಗೆ ಕಷ್ಟ ಆಗ್ಲಿ ಅಂತ ಮಾಡಿರೋದು, ಬೇಡ ಅನ್ನೋ ಹಂಗೇನಿಲ್ಲ. ಹಾಕೋ ಹುಡುಗ ಮಡ್‌ಗಾರ್ಡಿಗೆ ತೂತು ಹೊಡೀತೀನಿ ಅಂದಾಗ ಮಾತ್ರ ನಾನು ಅಡ್ಡ ನಿಂತೆ. ನಮ್ಮೆಜಮಾನ್ರು ಕಬ್ಬಿಣದ ಪಟ್ಟಿ ಬಗ್ಗಿಸಿ ಕ್ಲಾಂಪ್ ಮಾಡ್ಕೊಂಡು ಹೋಗಿದ್ರು, ಅದರ ಮೇಲೆ ಹಾಕಿಸಿದ್ವಿ. ಮೈಸೂರು ರಾಜ್ಯದ ನಂಬರು ಹೊಸ ತಗಡಿನ ಮೇಲೆ ಸ್ವಲ್ಪ ವಿಚಿತ್ರವಾಗಿ ಕಾಣುತ್ತೆ, ಮೊಮ್ಮಗನ ಶರ್ಟ್ ಹಾಕ್ಕೊಂಡ ತಾತನ ಹಂಗೆ.

ಆರ್‌ಸಿ ಕಾರ್ಡ್ ಅಂಚೇಲಿ ಬಂತು. ಪೋಸ್ಟ್‌ಮ್ಯಾನ್ ಹೆಸರು ಓದಿ ನಮ್ಮೆಜಮಾನ್ರ ಕೈಗೆ ಕೊಡೋಕೆ ಹೋದಾಗ ಅತ್ತೆ ಒಳಗಿಂದ "ಅದು ನಂದು" ಅಂದ್ರು. ಮಾರನೇ ಮಂಗಳವಾರ ಮಗ ಅಜ್ಜೀನ ಹಿಂದೆ ಕೂರಿಸಿಕೊಂಡು ದೇವರಾಜ ಮಾರ್ಕೆಟ್ಟಿಗೆ ಹೋಗಿ ಬಂದ. ನಂಜನಗೂಡು ರಸಬಾಳೆ, ಮಲ್ಲಿಗೆ, ಒಂದು ಕಟ್ಟು ವೀಳ್ಯದೆಲೆ. ಸೊಂಟ ಎರಡು ದಿನ ನೋಯ್ತು, ನಾನೇ ಎಣ್ಣೆ ಹಚ್ಚಿದೆ.

ಮುಂದಿನ ರಿನ್ಯೂಯಲ್ 2029ಕ್ಕೆ. ಆಗ ಅತ್ತೇಗೆ ಎಂಬತ್ಮೂರು. ಸಹಿ ತಾವೇ ಹಾಕ್ತಾರಂತೆ, ಈಗಿಂದ್ಲೇ ಹೇಳಿಟ್ಟಿದ್ದಾರೆ.