ರಾಗವಿಲ್ಲದೆ ಓದುವ ಆಟ

ನಮ್ಮ ಹಾಸ್ಟೆಲ್ಲಿನ ತಾರಸಿಯಲ್ಲಿ ಶನಿವಾರ ರಾತ್ರಿ ಊಟವಾದ ಮೇಲೆ ಒಂದು ಆಟ ನಡೆಯುತ್ತದೆ. ಒಬ್ಬರು ಯಾವುದಾದರೂ ಹಾಡಿನ ಚರಣದ ಒಂದು ಸಾಲನ್ನು ರಾಗ ತೆಗೆದು, ವಾರ್ತೆ ಓದುವವರ ದನಿಯಲ್ಲಿ ಹೇಳಬೇಕು. ಉಳಿದವರು ಹಾಡು ಯಾವುದೆಂದು ಊಹಿಸಬೇಕು. ಪಲ್ಲವಿ ಹೇಳುವಂತಿಲ್ಲ, ಓದುವವರು ನಗುವಂತಿಲ್ಲ.

ಸುಲಭ ಅನ್ನಿಸುತ್ತದೆ. ಆದರೆ ನೂರು ಸಲ ಕೇಳಿದ ಸಾಲೂ ರಾಗ ಕಳಚಿದ ಕೂಡಲೇ ಗುರುತು ಸಿಗದಂತಾಗುತ್ತದೆ. ಪ್ರೇಮಗೀತೆ ರಜೆ ಅರ್ಜಿಯಂತೆ ಕೇಳಿಸುತ್ತದೆ, ವಿರಹಗೀತೆ ಹವಾಮಾನ ವರದಿಯಂತೆ. ಕೆಲವು ಹಾಡುಗಳ ರಾಗವನ್ನಂತೂ ಕಳಚಲಿಕ್ಕೇ ಆಗುವುದಿಲ್ಲ. ಬೇಂದ್ರೆಯವರ ‘ಬೆಳಗು’ ಕವಿತೆಯನ್ನು ಬರೀ ಮಾತಾಗಿ ಓದಲು ಹೊರಟು ನಾವೆಲ್ಲ ಸೋತಿದ್ದೇವೆ. 1967ರ ‘ಬೆಳ್ಳಿಮೋಡ’ ಚಿತ್ರಕ್ಕೆ ವಿಜಯಭಾಸ್ಕರ್ ಕೂಡಿಸಿದ ಧಾಟಿ ಎರಡನೇ ಪದಕ್ಕೇ ನಾಲಿಗೆಯನ್ನು ಹಿಡಿದುಕೊಳ್ಳುತ್ತದೆ.

ಹಾಡು ಸಾಕಾದ ಮೇಲೆ ಜಂಕ್ ಮೇಲ್‌ಗಳ ಸರದಿ. ಅದೇ ವಾರ್ತೆಯ ದನಿ. ನಾನು ತತ್ವಪದಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವವಳು. ನನ್ನನ್ನು ‘ಪ್ರಖ್ಯಾತ ವಿಜ್ಞಾನಿಗಳೇ’ ಎಂದು ಕರೆದು ಮೀನು ಸಾಕಣೆಯ ಜರ್ನಲ್ಲೊಂದು ಲೇಖನ ಕೇಳಿದೆ. ಹೃದ್ರೋಗ ತಜ್ಞರ ಸಮ್ಮೇಳನ ಮುಖ್ಯ ಭಾಷಣಕ್ಕೆ ಕರೆದಿದೆ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತೇವೆ. ಎದುರು ರೂಮಿನ ಸೀನಿಯರ್ ಅಕ್ಕ ಮಾತ್ರ ಆ ಹೊತ್ತಿಗೆ ಸರಿಯಾಗಿ ನೀರು ಕುಡಿಯಲು ಕೆಳಗೆ ಹೋಗುತ್ತಿದ್ದರು.

ಈ ಕಸಕ್ಕೆ ಸ್ಪ್ಯಾಮ್ ಎಂಬ ಹೆಸರು ಬಂದದ್ದೂ ಒಂದು ಹಾಡಿನಿಂದಲೇ. 1970ರಲ್ಲಿ ಬ್ರಿಟನ್ನಿನ ಮಾಂಟಿ ಪೈಥಾನ್ ತಂಡ ಟಿವಿಯಲ್ಲಿ ತೋರಿಸಿದ ಹಾಸ್ಯ ಪ್ರಸಂಗದಲ್ಲಿ, ಹೋಟೆಲಿನಲ್ಲಿ ಕೂತ ವೈಕಿಂಗ್‌ಗಳು ಆ ಹೆಸರಿನ ಡಬ್ಬಿ ಮಾಂಸವನ್ನೇ ಹಾಡಿ ಹಾಡಿ ಉಳಿದವರ ಮಾತನ್ನು ಮುಳುಗಿಸುತ್ತಾರೆ.

ಇಂಥ ಪತ್ರಗಳು ಇಷ್ಟು ಪೆದ್ದಾಗಿ ಇರುವುದೇಕೆ? ಮೈಕ್ರೋಸಾಫ್ಟ್‌ನ ಸಂಶೋಧಕ ಕಾರ್ಮಕ್ ಹರ್ಲಿ 2012ರಲ್ಲಿ ನೈಜೀರಿಯಾದ ಹೆಸರು ಹೇಳಿಕೊಂಡು ಬರುವ ವಂಚನೆಯ ಮೇಲ್‌ಗಳ ಬಗ್ಗೆ ಇದೇ ಪ್ರಶ್ನೆ ಕೇಳಿದ್ದರು. ಅವರ ಉತ್ತರ: ನಗುವವರು ಮೊದಲೇ ತೊಲಗಲಿ ಎಂದು. ಅಷ್ಟು ಪೆದ್ದು ಪತ್ರವನ್ನೂ ನಂಬಿ ಉತ್ತರ ಬರೆದವರ ಮೇಲೆ ಮಾತ್ರ ವಂಚಕ ತನ್ನ ಸಮಯ ಖರ್ಚು ಮಾಡಿದರೆ ಸಾಕು. ಇದನ್ನು ಓದಿದಾಗ ನಾನು ನಗುವವರ ಕಡೆಯವಳು ಎಂದು ಹೆಮ್ಮೆಪಟ್ಟಿದ್ದೆ.

ಕಳೆದ ಮಳೆಗಾಲದಲ್ಲಿ ಬಂದ ಒಂದು ಮೇಲನ್ನು ಮಾತ್ರ ನಾನು ತಾರಸಿಯಲ್ಲಿ ಓದಲಿಲ್ಲ. ಅದರಲ್ಲಿ ನನ್ನ ಹೆಸರು ಸರಿಯಾಗಿತ್ತು. ಸೆಮಿನಾರಿನಲ್ಲಿ ಮಂಡಿಸಿದ ಪ್ರಬಂಧದ ಶೀರ್ಷಿಕೆಯೂ ಸರಿಯಾಗಿತ್ತು. ನಿಮ್ಮ ಒಳನೋಟ ನಮ್ಮನ್ನು ಬೆರಗುಗೊಳಿಸಿತು ಎಂದಿತ್ತು. ಐದು ವರ್ಷದಲ್ಲಿ ಅಂಥ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಥೀಸಿಸ್ ಸಲ್ಲಿಸಲು ಒಂದು ಪ್ರಕಟಣೆ ಬಾಕಿ ಇತ್ತು. ಅಪ್ಪ ಫೋನಿನಲ್ಲಿ ಮಳೆ, ಬೆಳೆ, ಅಮ್ಮನ ಮಂಡಿನೋವು ಎಲ್ಲ ಹೇಳಿ, ಇನ್ನೆಷ್ಟು ದಿನ ಎಂದು ಮಾತ್ರ ಕೇಳದೆ ಇಟ್ಟುಬಿಡುತ್ತಿದ್ದರು. ಆ ಕೇಳದ ಪ್ರಶ್ನೆಗೆ ಉತ್ತರ ಕೊಡುವ ಆತುರ ನನಗೆ. ಫೆಲೋಶಿಪ್ ಹಣದಿಂದ 4,500 ರೂಪಾಯಿ ಕಟ್ಟಿದೆ.

ಮೂರನೇ ದಿನಕ್ಕೆ ಲೇಖನವೂ ಬಂತು, ಬಣ್ಣದ ಸರ್ಟಿಫಿಕೇಟೂ ಬಂತು. ಗೈಡ್ ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, “ಹದಿನೆಂಟು ಪುಟಾನ ಮೂರು ದಿನದಲ್ಲಿ ಯಾರಮ್ಮಾ ಓದಿದ್ರು?” ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಲೇಖನ ಹಿಂದಕ್ಕೆ ಪಡೆಯುತ್ತೇನೆಂದು ಬರೆದರೆ ಅದಕ್ಕೂ ಶುಲ್ಕವಂತೆ.

ಈಗ ಓದಿದರೆ ಆ ಪತ್ರಕ್ಕೂ ಮೀನಿನ ಪತ್ರಕ್ಕೂ ದೊಡ್ಡ ವ್ಯತ್ಯಾಸವೇನಿಲ್ಲ. ಅವತ್ತು ಮಾತ್ರ ಅದು ರಾಗದ ಜೊತೆಗೇ ಕೇಳಿಸಿತ್ತು. ಆ ರಾಗ ಹಾಕಿಕೊಂಡಿದ್ದು ನಾನೇ.

ಮೊನ್ನೆ ಶನಿವಾರ ನನ್ನ ಸರದಿ ಬಂದಾಗ ಆ ಮೇಲನ್ನೇ ತೆರೆದೆ. ವಾರ್ತೆಯ ದನಿಯಲ್ಲಿ ಮೊದಲ ವಾಕ್ಯ ಓದಿದೆ. ನೀರಿಗೆಂದು ಎದ್ದಿದ್ದ ಅಕ್ಕ ಮೆಟ್ಟಿಲ ಬಳಿಯೇ ನಿಂತರು. ಎರಡನೇ ವಾಕ್ಯ ನಾನು ಓದುವ ಮೊದಲೇ ಅವರು ಹೇಳಿಬಿಟ್ಟರು, ಒಂದು ಪದವೂ ತಪ್ಪದೆ.

“ನಂದು ಆರು ಸಾವಿರ ಕಣೇ,” ಎಂದರು.

ತಾರಸಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಮೊದಲು ನಕ್ಕವರು ಅಕ್ಕನೇ. ಆ ಸುತ್ತಿನ ಅಂಕವನ್ನು ಅವರಿಗೇ ಕೊಟ್ಟೆವು.