ಹೆಜ್ಜೆ ಎಣಿಸುವ ಗಡಿಯಾರ ಮತ್ತು ನಮ್ಮ ಅಜ್ಜಿ

ಗಡಿಯಾರ ಗಂಟೆ ತೋರಿಸುತ್ತದೆ ಅಂತ ಎಲ್ಲರಿಗೂ ಗೊತ್ತು. ಈಗ ಬಂದಿರುವ ಕೆಲವು ಕೈಗಡಿಯಾರಗಳು ಕಟ್ಟಿಕೊಂಡವರು ಎಷ್ಟು ಹೆಜ್ಜೆ ನಡೆದರು, ರಾತ್ರಿ ಎಷ್ಟು ಹೊರಳಾಡಿದರು, ಎಲ್ಲಾದರೂ ಬಿದ್ದರಾ ಅನ್ನುವುದನ್ನೂ ಹೇಳುತ್ತವೆ. ಗಡಿಯಾರಕ್ಕೆ ಕಣ್ಣಿಲ್ಲವಲ್ಲ, ಅದಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ವಿಜ್ಞಾನ ಮೇಷ್ಟ್ರನ್ನು ಕೇಳಿದೆ.

"ಬಸ್ಸಿನಲ್ಲಿ ಕಣ್ಣು ಮುಚ್ಚಿ ನಿಂತಿದ್ದರೂ ಡ್ರೈವರ್ ಬ್ರೇಕ್ ಹಾಕಿದ್ದು ನಿನಗೆ ಗೊತ್ತಾಗುತ್ತೋ ಇಲ್ಲವೋ?" ಅಂದರು. ಗೊತ್ತಾಗುತ್ತದೆ, ಮೈ ಮುಂದಕ್ಕೆ ವಾಲುತ್ತದೆ. ಗಡಿಯಾರದ ಒಳಗೂ ಹಾಗೇ. ಕೂದಲಿಗಿಂತ ತೆಳುವಾದ ಸ್ಪ್ರಿಂಗಿಗೆ ಸಿಕ್ಕಿಸಿದ ಸಿಲಿಕಾನ್ ಚೂರು ಒಂದಿರುತ್ತದೆ. ಕೈ ಅಲ್ಲಾಡಿದರೆ ಅದೂ ಅಲ್ಲಾಡುತ್ತದೆ, ಎಷ್ಟು ಅಲ್ಲಾಡಿತು ಅನ್ನುವುದನ್ನು ವಿದ್ಯುತ್ತಿನಿಂದ ಅಳೆಯುತ್ತಾರೆ. ಇದಕ್ಕೆ ಆಕ್ಸೆಲೆರೋಮೀಟರ್ ಅಂತ ಹೆಸರು. ಮೊಬೈಲ್ ಅಡ್ಡ ಹಿಡಿದಾಗ ಚಿತ್ರ ತಿರುಗೋದು ಇದರಿಂದಲೇ. ನಡೆಯುವಾಗ ಏರಿಳಿತ ಒಂದೇ ಸಮನೆ ಬರುತ್ತದೆ, ಅದನ್ನು ನೋಡಿ ಹೆಜ್ಜೆ ಎಣಿಸುತ್ತದೆ. ಬಿದ್ದರೆ ಹಾಗಲ್ಲ. ಬೀಳುವ ಕ್ಷಣದಲ್ಲಿ ಅಳತೆ ಸೊನ್ನೆಯ ಹತ್ತಿರ ಇಳಿಯುತ್ತದೆ, ನೆಲಕ್ಕೆ ಬಡಿದಾಗ ಒಮ್ಮೆಲೇ ಏರುತ್ತದೆ, ಆಮೇಲೆ ಸುಮ್ಮನಾಗುತ್ತದೆ. 2018ರಲ್ಲಿ ಆಪಲ್ ಕಂಪನಿಯವರು ಬಿದ್ದದ್ದನ್ನು ಗುರುತಿಸುವ ಗಡಿಯಾರ ತಂದರು. ಬಿದ್ದವರು ಒಂದು ನಿಮಿಷದಷ್ಟು ಹೊತ್ತು ಅಲ್ಲಾಡದಿದ್ದರೆ ಅದೇ ಸಹಾಯಕ್ಕೆ ಫೋನ್ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಲೆಕ್ಕದಂತೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಓದಿ ನನಗೆ ಭಯವಾಯಿತು. ಯಾಕೆಂದರೆ ನಮ್ಮ ಅಜ್ಜಿ ಹೋದ ಮಳೆಗಾಲದಲ್ಲಿ ಕೊಟ್ಟಿಗೆಯಲ್ಲಿ ಜಾರಿ ಬಿದ್ದಿದ್ದಳು.

ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆದರೆ ಅವತ್ತಿನಿಂದ ಮನೆಯವರೆಲ್ಲ "ನೀನು ಜಗಲಿ ಬಿಟ್ಟು ಏಳಬೇಡ" ಅಂದುಬಿಟ್ಟರು. ಪ್ರೀತಿಯಿಂದಲೇ ಹೇಳಿದ್ದು. ಮೊದಲು ದಿನಾ ಎರಡು ಹೊತ್ತು ಡೈರಿಗೆ ಹಾಲು ಹಾಕಿ ಬರುತ್ತಿದ್ದವಳು, ಕೂತೂ ಕೂತೂ ಈಗ ಏಳಬೇಕಾದರೆ ಕಂಬ ಹಿಡಿಯುತ್ತಾಳೆ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕು ಅಂತ ಎಲ್ಲರೂ ಹೇಳುತ್ತಾರಲ್ಲ, ಅದರ ಕಥೆ ತಮಾಷೆಯಾಗಿದೆ. 1965ರಲ್ಲಿ ಜಪಾನಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸುವ ಯಂತ್ರ ಮಾರಾಟಕ್ಕೆ ತಂದು 'ಮಾನ್‌ಪೊ-ಕೇ' ಅಂತ ಹೆಸರಿಟ್ಟಿತು. ಹಾಗೆಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಆ ಹೆಸರಿನಿಂದಲೇ ಲೆಕ್ಕವೂ ಹರಡಿತು! 2019ರಲ್ಲಿ ಅಮೆರಿಕದ ಐ-ಮಿನ್ ಲೀ ಮತ್ತು ಜೊತೆಯವರು ಸರಾಸರಿ 72 ವಯಸ್ಸಿನ 16,741 ಹೆಂಗಸರ ಸೊಂಟಕ್ಕೆ ಯಂತ್ರ ಕಟ್ಟಿ ನಿಜವಾಗಿ ಎಣಿಸಿದ್ದನ್ನು ಪ್ರಕಟಿಸಿದರು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆದವರಿಗಿಂತ 4,400 ನಡೆದವರಲ್ಲಿ ಮುಂದಿನ ವರ್ಷಗಳಲ್ಲಿ ಸತ್ತವರು ಕಡಿಮೆ. 7,500 ಆದ ಮೇಲೆ ಹೆಚ್ಚು ನಡೆದರೂ ಅಷ್ಟೇನೂ ವ್ಯತ್ಯಾಸವಿಲ್ಲ. ಮೇಷ್ಟ್ರು ಮಾತ್ರ "ಕಾಯಿಲೆ ಇದ್ದವರು ಮೊದಲೇ ಕಡಿಮೆ ನಡೆಯುತ್ತಿರಬಹುದಲ್ಲ?" ಅಂದರು. ಅದೂ ಸರಿಯೇ. ಆದರೂ ಜಗಲಿ ಮೇಲೆ ಕೂರಿಸುವುದು ಸರಿಯಲ್ಲ ಅಂತ ನನಗೆ ಅನ್ನಿಸಿತು.

ನಮ್ಮ ಮನೆಯಲ್ಲಿ ಅಂಥ ಗಡಿಯಾರ ಇಲ್ಲ. ಅಮ್ಮನ ಮೊಬೈಲಿನಲ್ಲಿ ಹೆಜ್ಜೆ ಎಣಿಸುವ ಆಪ್ ಇದೆ. ಮೊದಲು ಅಮ್ಮನದ್ದೇ ನೋಡಿದೆ. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಅಮ್ಮ ಕುಕ್ಕರುಗಾಲಲ್ಲಿ ಕೂತು ರಾಗಿ ಹೊಲದ ಕಳೆ ಕಿತ್ತಳು. ಮೊಬೈಲ್ 900 ಹೆಜ್ಜೆ ಅಂತ ತೋರಿಸಿತು. ನಾನು ಬರೀ ಶಾಲೆಗೆ ಹೋಗಿ ಬಂದಿದ್ದಕ್ಕೆ 2,800! "ಇದರ ಲೆಕ್ಕದಲ್ಲಿ ಕೂಲಿ ಕೊಟ್ಟರೆ ನಾವು ಉಪವಾಸವೇ" ಅಂತ ಅಮ್ಮ ನಕ್ಕಳು. ಆದ್ದರಿಂದ ಒಬ್ಬರ ಲೆಕ್ಕವನ್ನು ಇನ್ನೊಬ್ಬರ ಲೆಕ್ಕಕ್ಕೆ ಹೋಲಿಸಬಾರದು, ಅವರವರ ನಿನ್ನೆಗೇ ಹೋಲಿಸಬೇಕು. ದೊಡ್ಡ ಡೈರಿ ಫಾರಂಗಳಲ್ಲಿ ಹಸುವಿನ ಕೊರಳಿಗೂ ಇಂಥ ಪಟ್ಟಿ ಕಟ್ಟುತ್ತಾರಂತೆ, ದಿನಕ್ಕಿಂತ ಮೆಲುಕು ಕಡಿಮೆ ಹಾಕಿದರೆ ಹುಷಾರಿಲ್ಲ ಅಂತ ತಿಳಿಯುತ್ತದೆ. ಅಜ್ಜಿ ಅದನ್ನು ಪಟ್ಟಿ ಇಲ್ಲದೆ ಕೊಟ್ಟಿಗೆ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದಳು. ಅಜ್ಜಿಯ ನಡಿಗೆಯನ್ನು ಮಾತ್ರ ಯಾರೂ ನೋಡಿರಲಿಲ್ಲ.

ಎಲೆಅಡಿಕೆ ಸಂಚಿಯಲ್ಲಿ ಮೊಬೈಲ್ ಇಟ್ಟು ಅಜ್ಜಿಯ ಸೊಂಟಕ್ಕೆ ಸಿಕ್ಕಿಸಿದೆ. ಮೊದಲ ದಿನ 640. ಆಮೇಲೆ ದಿನಾ ಸಾಯಂಕಾಲ ನಾನು ಕೈ ಹಿಡಿದುಕೊಂಡು ಹೊಂಗೆ ಮರದವರೆಗೆ ಹೋಗಿ ಬಂದೆವು. "ಎಷ್ಟಾಯ್ತು ಮಗಾ?" ಅಂತ ಈಗ ಅಜ್ಜಿಯೇ ಕೇಳುತ್ತಾಳೆ. ಒಂದು ತಿಂಗಳಿಗೆ 1,900ಕ್ಕೆ ಬಂದಿದೆ. ಬೆಂಗಳೂರಿನಿಂದ ಚಿಕ್ಕಪ್ಪ, ಬಿದ್ದರೆ ತಿಳಿಸುವ ಗಡಿಯಾರ ಕಳಿಸ್ತೀನಿ ಅಂದರು. ಅಜ್ಜಿ "ಅದು ನಿಂಗೆ ಫೋನ್ ಮಾಡ್ತದೆ, ಸರಿ. ಇಲ್ಲಿ ಎತ್ತೋರು ಯಾರಪ್ಪ? ಎಲ್ಲ ಹೊಲಕ್ಕೆ ಹೋಗಿರ್ತಾರೆ" ಅಂದಳು. ಚಿಕ್ಕಪ್ಪ ಏನೂ ಹೇಳಲಿಲ್ಲ. ಅಪ್ಪ ಮಾರನೇ ದಿನ ಜಗಲಿಯಿಂದ ಬಚ್ಚಲಿನವರೆಗೆ ಹಿಡಿದು ನಡೆಯಲು ಬಿದಿರು ಕಟ್ಟಿದರು.

ಇನ್ನೊಂದು ಪರೀಕ್ಷೆ ಇದೆ, ಅದಕ್ಕೆ ಯಂತ್ರವೂ ಬೇಡ. 1991ರಲ್ಲಿ ಕೆನಡಾದ ಇಬ್ಬರು ಪ್ರಕಟಿಸಿದ್ದು. ಕೈ ಇರುವ ಕುರ್ಚಿಯಿಂದ ಎದ್ದು, 3 ಮೀಟರ್ ಮಾಮೂಲಿಯಾಗಿ ನಡೆದು, ತಿರುಗಿ ಬಂದು ಕೂರಬೇಕು. ವಯಸ್ಸಾದವರಿಗೆ 12 ಸೆಕೆಂಡೋ ಅದಕ್ಕಿಂತ ಹೆಚ್ಚೋ ಹಿಡಿದರೆ ಬೀಳುವ ಅಪಾಯ ಇದೆ ಅಂತ ಅಮೆರಿಕದ ಆರೋಗ್ಯ ಇಲಾಖೆಯವರು ಲೆಕ್ಕ ಇಟ್ಟುಕೊಂಡಿದ್ದಾರೆ. ಸೊಂಟಕ್ಕೆ ಸೆನ್ಸರ್ ಕಟ್ಟಿ ಇದನ್ನೇ ಮಾಡಿಸಿದರೆ ತಡ ಆಗಿದ್ದು ಏಳುವಾಗಲೋ ತಿರುಗುವಾಗಲೋ ಅಂತಲೂ ಗೊತ್ತಾಗುತ್ತದೆ. ನಮಗೆ ಸೆಕೆಂಡ್ ಲೆಕ್ಕ ಸಾಕು. ಪಕ್ಕದಲ್ಲಿ ಹಿಡಿದುಕೊಳ್ಳೋಕೆ ಒಬ್ಬರು ಇರಲೇಬೇಕು.

ಸ್ಟಾಪ್‌ವಾಚ್ ಪಿ.ಟಿ. ಮೇಷ್ಟ್ರ ಹತ್ತಿರ ಇದೆ, ಭಾನುವಾರಕ್ಕೆ ಕೊಡ್ತೀನಿ ಅಂದಿದ್ದಾರೆ. ಅಜ್ಜಿ ತಾತಂದಿರನ್ನು ಕರೆತರುವವರು ನನಗೆ ಮೊದಲೇ ಹೆಸರು ಹೇಳಿ. ಕೈ ಇರುವ ಕುರ್ಚಿ ನಮ್ಮ ಶಾಲೆಯಲ್ಲಿ ಒಂದೇ ಒಂದು ಇರೋದು, ಅದು ಹೆಡ್‌ಮೇಷ್ಟ್ರದ್ದು. ಯಾರು ಹೋಗಿ ಕೇಳುತ್ತೀರಿ?